ಅಕ್ಕ ತಂಗಿ ಸರ್ವರುಗಳ ಮಳೆಗಾಲ

ಖಾಲಿ ಹೊಟ್ಟೆಯಲ್ಲಿ ಕೂತವರಿಗೆ ಸಿಟ್ಟು ಬೇಗ ಬರುತ್ತದೆ. ನನಗಂತೂ ಹೊಟ್ಟೆ ತುಂಬಿದ್ದರೂ ಬರುತ್ತದೆ. ಮೊನ್ನೆ ಸಕ್ಕರೆ ಪರೀಕ್ಷೆಗೆಂದು ಕಾಫಿಯನ್ನೂ ಕುಡಿಯದೆ ಕೆಂಗೇರಿಯ ಲ್ಯಾಬಿಗೆ ಹೋಗಿ ಟೋಕನ್ ಹಿಡಿದು ಕೂತಿದ್ದೆ. ಹೊರಗೆ ರಸ್ತೆ ಅಗೆದಿದ್ದರು. ಮಳೆಗೆ ನೆನೆದ ಮಣ್ಣು, ಕಿತ್ತ ಟಾರು, ಚರಂಡಿ ಎಲ್ಲವೂ ಕೂಡಿದ ಒಂದು ವಾಸನೆ ಬಾಗಿಲಿನಿಂದ ಬರುತ್ತಿತ್ತು. ಒಳಗಿನ ಸ್ಪಿರಿಟ್ ವಾಸನೆ ಅದಕ್ಕೆ ಜೊತೆಯಾಗುತ್ತಿತ್ತು. ಈ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಸಾಕು, ಕೆಲವು ವರ್ಷಗಳ ಹಿಂದಿನ ಆ ಮಳೆಗಾಲ ನೆನಪಾಗಿ ನನ್ನ ಬಿಪಿ ಏರುತ್ತದೆ. ಸಕ್ಕರೆ ಪರೀಕ್ಷೆಗೆ ಬಂದವಳು ಬಿಪಿ ತೋರಿಸಿಕೊಂಡು ಹೋಗಬೇಕಾಗುತ್ತದೆ. ಚಂದ್ರಾ ಲೇಔಟಿನ ನಮ್ಮ ಮನೆಯ ಪಕ್ಕದಲ್ಲೇ ಇದೇ ಲ್ಯಾಬಿನ ಶಾಖೆ ಇದೆ. ಆದರೂ ನಾನು ಮೆಟ್ರೋ ಹತ್ತಿ ಕೆಂಗೇರಿಗೇ ಬರುತ್ತೇನೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಆ ವರ್ಷ ನಾನು ಈ ಲ್ಯಾಬಿನ ರಾಜಾಜಿನಗರದ ಮುಖ್ಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅದಕ್ಕೂ ಮುಂಚೆ ಬಹಳ ಕಾಲ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳ ಕರಡು ತಿದ್ದುತ್ತಿದ್ದೆ. ಅದು ಮುಚ್ಚಿತು. ಲ್ಯಾಬಿನವರಿಗೆ ತಮ್ಮ ಕಂಪ್ಯೂಟರ್ ವಿಭಾಗದ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುವವರು ಬೇಕಾಗಿದ್ದರು, ಏಕೆಂದರೆ ಶಾಖೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿಯರು ಇಂಗ್ಲಿಷ್ ಕೈಪಿಡಿಯನ್ನು ತೆರೆಯುತ್ತಲೇ ಇರಲಿಲ್ಲ. ತೆರೆದು ನೋಡಿದ ನಾನು ಅವರನ್ನು ಬೈಯಲಿಲ್ಲ. ಅದನ್ನು ಬರೆದವರಿಗೇ ಅದು ಅರ್ಥವಾಗುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು.

ವಿಷಯ ಇಷ್ಟೇ. ರೋಗಿಗಳ ರಿಪೋರ್ಟುಗಳೆಲ್ಲ ಎರಡು ಸರ್ವರುಗಳಲ್ಲಿ ಇರುತ್ತಿದ್ದವು. ಒಂದು ರಾಜಾಜಿನಗರದಲ್ಲಿ, ಇನ್ನೊಂದು ಕೆಂಗೇರಿಯಲ್ಲಿ. ಎಲ್ಲ ಶಾಖೆಗಳ ರಿಪೋರ್ಟೂ ಮೊದಲು ಒಂದರಲ್ಲಿ ದಾಖಲಾಗಬೇಕು, ಅದು ತಾನಾಗಿ ಇನ್ನೊಂದಕ್ಕೆ ನಕಲಾಗಬೇಕು. ಇದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. ಮೂಲ ಕೆಟ್ಟರೆ ನಕಲೇ ಮೂಲವಾಗಿ ಕೆಲಸ ಮುಂದುವರಿಸುತ್ತದೆ. ಕೆಟ್ಟದ್ದು ಸರಿಯಾಗಿ ಬಂದ ಮೇಲೆ ಅದು ನಕಲಾಗಿ ಹಿಂದೆ ನಿಲ್ಲುತ್ತದೆ. ಒಂದು ಕಾಫಿ ಆರುವುದರೊಳಗೆ ಯಾರಿಗೆ ಬೇಕಾದರೂ ತಿಳಿಸಬಹುದಾದ ಮಾತು. ಆದರೆ ನಮ್ಮಲ್ಲಿ ಆ ಎರಡು ಸರ್ವರುಗಳಿಗೆ ಹೆಸರಿಟ್ಟಿದ್ದರು. ರಾಜಾಜಿನಗರದ್ದು ಅಕ್ಕ, ಕೆಂಗೇರಿಯದ್ದು ತಂಗಿ.

ಹೆಸರಿಟ್ಟವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಮೂರ್ತಿ ಸಾರ್ ಅವರ ತಾಯಿ. ಯಂತ್ರಗಳು ಬಂದ ದಿನ ಪೂಜೆಗೆ ಕರೆಸಿದ್ದರಂತೆ. ಆ ತಾಯಿ ಎರಡಕ್ಕೂ ಅರಿಸಿನ ಕುಂಕುಮ ಇಟ್ಟು, ದೊಡ್ಡದು ಅಕ್ಕ, ಚಿಕ್ಕದು ತಂಗಿ, ಇಬ್ಬರೂ ಜಗಳವಾಡದೆ ಇರಲಿ ಎಂದು ಹರಸಿದರಂತೆ. ಅಂದಿನಿಂದ ಯಂತ್ರಗಳ ಮೇಲೆ ಕೆಂಪು ಅಕ್ಷರದ ಚೀಟಿ. ಆಯುಧಪೂಜೆಗೆ ಅಕ್ಕನಿಗೆ ದೊಡ್ಡ ಹಾರ, ತಂಗಿಗೆ ಚಿಕ್ಕದು. ಕೈಪಿಡಿಯ ತುಂಬ ಅದೇ ಹೆಸರು: ಅಕ್ಕನಿಂದ ತಂಗಿಗೆ ನಕಲು ಮಾಡಿ, ತಂಗಿಯನ್ನು ಅಳಿಸಿ, ಅಕ್ಕನನ್ನು ಎಬ್ಬಿಸಿ. ಕೇಳಲು ಮುದ್ದಾಗಿಯೇ ಇತ್ತು.

ಮೊದಲ ವಾರವೇ ನಾನು ಮೂರ್ತಿ ಸಾರ್ ಮುಂದೆ ಹೋಗಿ ನಿಂತೆ. "ಸಾರ್, ಮನೇಲಿ ಅಕ್ಕ ಅಂದ್ರೆ ಸಾಯೋವರೆಗೂ ಅಕ್ಕಾನೇ. ಇಲ್ಲಿ ಹಾಗಲ್ವಲ್ಲ. ಇವತ್ತಿನ ಮೂಲ ನಾಳೆ ನಕಲಾಗತ್ತೆ. ಕೈಪಿಡೀಲಿ ಹೆಸರು ಹಾಕೋದು ಬೇಡ. ಈಗಿನ ಮೂಲ, ಈಗಿನ ನಕಲು ಅಂತ ಬರೀತೀನಿ."

ಮೂರ್ತಿ ಸಾರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡುವುದು ಸುಲಭವಿತ್ತು. ಮೂಲತಃ ನಾಗರಭಾವಿ ಕಡೆಯ ಹಳ್ಳಿಯವರು. ಹೊಲ ಇದ್ದಲ್ಲಿ ಈಗ ಮೂರಂತಸ್ತಿನ ಮನೆ, ಅದರ ಹೆಸರು ತಾಯಿಯದೇ. ನಕ್ಕು, "ಏನ್ ಮೇಡಂ, ಕನ್ನಡ ಕನ್ನಡ ಅಂತೀರಿ, ಅಕ್ಕ ತಂಗಿಗಿಂತ ಕನ್ನಡ ಬೇಕಾ?" ಎಂದರು. "ಎಲ್ರಿಗೂ ಅರ್ಥ ಆಗತ್ತೆ ಬಿಡಿ. ಅಮ್ಮ ಇಟ್ಟಿರೋ ಹೆಸರು ಬೇರೆ."

ಅಮ್ಮ ಇಟ್ಟಿರುವ ಹೆಸರು! ಇದಕ್ಕೆ ಎದುರು ಯಾವ ತರ್ಕ ನಿಲ್ಲುತ್ತದೆ? ನಾನು ತಿರುಗಿ ಬಂದು ನನ್ನ ಕುರ್ಚಿಯಲ್ಲಿ ಕೂತು ಹಲ್ಲು ಕಡಿದೆ.

ಆಮೇಲೆ ಕಿರಣನ ಸರದಿ. ಸರ್ವರುಗಳನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಅವನೇ. ಬಸವೇಶ್ವರನಗರದ ಹುಡುಗ, ಚುರುಕು, ಒಳ್ಳೆಯವನು, ಮಾತಿಗೊಮ್ಮೆ ಯೂಶುವಲಿ ಎನ್ನದಿದ್ದರೆ ಬಾಯಿ ಒಣಗುತ್ತಿತ್ತು. ಅವನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ವಾಕ್ಯವನ್ನೂ ಕೇಳುತ್ತಿದ್ದೆ.

"ನಕಲು ಎಷ್ಟು ಹೊತ್ತಿಗೆ ಆಗತ್ತಪ್ಪ?"

"ಯೂಶುವಲಿ ತಕ್ಷಣ ಆಗೋಗತ್ತೆ ಮೇಡಂ."

"ಆಗದೇ ಇದ್ದಾಗ ಶಾಖೆಯವರು ಏನ್ ಮಾಡ್ಬೇಕು?"

"ನಂಗೆ ಫೋನ್ ಮಾಡ್ತಾರೆ."

"ನೀನು ಫೋನ್ ಎತ್ತದೇ ಇದ್ರೆ?"

"ಎತ್ತೀನಿ ಮೇಡಂ. ಯೂಶುವಲಿ."

ಇದನ್ನು ಇಟ್ಟುಕೊಂಡು ಕೈಪಿಡಿ ಬರೆಯಬೇಕು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಇಲ್ಲಿ ಕೋಣವೇ ಕಿನ್ನರಿ ತನಗೂ ಬರುತ್ತದೆ ಎನ್ನುತ್ತಿತ್ತು. ನಾನು ಬರೆದ ಪ್ರತಿ ಪುಟವೂ ಮೂರ್ತಿ ಸಾರ್ ಮೇಜಿಗೆ ಹೋಗಿ ಮೆತ್ತಗಾಗಿ ಬರುತ್ತಿತ್ತು. 'ಅಳಿಸಬೇಡಿ' ಎಂದು ಬರೆದರೆ 'ಅಳಿಸದಿರುವುದು ಸೂಕ್ತ' ಎಂದು ತಿದ್ದುತ್ತಿದ್ದರು. ಬೇಡ ಎನ್ನುವುದು ಗದರಿಸಿದಂತೆ ಇರುತ್ತದಂತೆ, ಶಾಖೆಯ ಹೆಣ್ಣುಮಕ್ಕಳು ನೊಂದುಕೊಳ್ಳುತ್ತಾರಂತೆ. 'ಈಗಿನ' ಎಂಬ ನನ್ನ ಪದವನ್ನು ಕಂಡಲ್ಲೆಲ್ಲ ಹೊಡೆದು ಹಾಕಿ, ಪಕ್ಕದಲ್ಲಿ 'ಅನಗತ್ಯ' ಎಂದು ಬರೆದಿದ್ದರು. ಕೊನೆಗೆ ಅಚ್ಚಾಗಿ ಶಾಖೆಗಳಿಗೆ ಹೋದ ಕೈಪಿಡಿಯಲ್ಲಿ ಅಕ್ಕ, ತಂಗಿ ಇಬ್ಬರೂ ಇದ್ದರು. ನನ್ನ ವಾಕ್ಯಗಳಲ್ಲಿ ಉಳಿದದ್ದು ಪೂರ್ಣವಿರಾಮ ಮಾತ್ರ.

ಆ ಮಳೆಗಾಲ ಊರಿಗೆ ಊರನ್ನೇ ಅಗೆದಿದ್ದರು. ವಿಜಯನಗರದಲ್ಲಿ ನೀರಿನ ಕೊಳವೆಗೆ, ರಾಜಾಜಿನಗರದಲ್ಲಿ ಚರಂಡಿಗೆ, ಅದು ಮುಚ್ಚಿದ ಮೇಲೆ ಕೇಬಲ್ಲಿಗೆ. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಮಾಗಡಿ ರಸ್ತೆಯ ಕಡೆಯಿಂದ ಮೋಡ ಕವಿದು ಧೋ ಎಂದು ಸುರಿಯುತ್ತಿತ್ತು. ಅಂಥದೊಂದು ಮಧ್ಯಾಹ್ನ ನಮ್ಮ ಕಚೇರಿಯ ಮುಂದಿನ ಗುಂಡಿಯಲ್ಲಿ ನೀರು ತುಂಬಿ ಕರೆಂಟಿನ ಕೇಬಲ್ ಸುಟ್ಟಿತು. ಜನರೇಟರ್ ಸ್ವಲ್ಪ ಹೊತ್ತು ಕೆಮ್ಮಿ ನಿಂತಿತು. ರಾಜಾಜಿನಗರದ ಸರ್ವರ್ ಸತ್ತಿತು.

ಕಿರಣ ಮನೆಯಿಂದಲೇ ಕೆಂಗೇರಿಯ ಸರ್ವರನ್ನು ಮೂಲ ಮಾಡಿದ. ಒಳ್ಳೆಯ ಕೆಲಸ, ಚುರುಕಾಗಿ ಮಾಡಿದ. ಒಂದು ರಿಪೋರ್ಟೂ ನಿಲ್ಲಲಿಲ್ಲ. ಸುಂಕದಕಟ್ಟೆ, ಅನ್ನಪೂರ್ಣೇಶ್ವರಿ ನಗರ, ಚಂದ್ರಾ ಲೇಔಟ್ ಎಲ್ಲ ಶಾಖೆಗಳ ಆ ಸಂಜೆಯ ಮತ್ತು ಮರುದಿನ ಬೆಳಗಿನ ಫಲಿತಾಂಶಗಳು ಕೆಂಗೇರಿಗೇ ಹೋಗಿ ಕೂತವು. ಆದರೆ ಅವನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕು ಎಂದು ಅವನಿಗೆ ತೋಚಲೂ ಇಲ್ಲ. ಎಲ್ಲ ಚೆನ್ನಾಗಿ ನಡೆಯುತ್ತಿತ್ತಲ್ಲ!

ಮರುದಿನ ಬೆಳಿಗ್ಗೆ ರಾಜಾಜಿನಗರಕ್ಕೆ ಕರೆಂಟ್ ಬಂತು. ಅಲ್ಲಿನ ಸರ್ವರ್ ಎದ್ದು ಕೂತಿತು, ನಿನ್ನೆಯ ಮಧ್ಯಾಹ್ನದವರೆಗಿನ ನೆನಪಿನೊಂದಿಗೆ. ಕೆಂಗೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶಿವಲೀಲಾಳ ಪರದೆಯ ಮೇಲೆ ಎರಡೂ ಸರ್ವರುಗಳು ಹೊಂದಿಕೆಯಾಗುತ್ತಿಲ್ಲ ಎಂಬ ಸೂಚನೆ ಬಂತು. ಅವಳು ಕಿರಣನಿಗೆ ಫೋನ್ ಮಾಡಿದಳು. ಅವನು ಸ್ಕೂಟರಿನಲ್ಲಿ ಟ್ರಾಫಿಕ್ಕಿನಲ್ಲಿದ್ದ, ಎತ್ತಲಿಲ್ಲ. ಕೈಪಿಡಿ ತೆರೆದಳು. ಅದರಲ್ಲಿ ಸ್ಪಷ್ಟವಾಗಿ ಇತ್ತು: ಎರಡೂ ಹೊಂದದಿದ್ದರೆ ತಂಗಿಯನ್ನು ಅಳಿಸಿ, ಅಕ್ಕನಿಂದ ಹೊಸದಾಗಿ ನಕಲು ಮಾಡಿಕೊಳ್ಳಿ. ಅವಳ ಪಕ್ಕದಲ್ಲೇ ಇದ್ದ ಯಂತ್ರದ ಮೇಲೆ ಕೆಂಪು ಅಕ್ಷರದಲ್ಲಿ ತಂಗಿ ಎಂದು ಬರೆದಿತ್ತು. ಅಳಿಸಿದಳು.

ಕಿರಣ ಬಂದು ನೋಡಿದಾಗ ಮುಗಿದು ಹೋಗಿತ್ತು. ಹಿಂದಿನ ಸಂಜೆಯಿಂದ ಬಂದ ರಿಪೋರ್ಟುಗಳು ಇದ್ದದ್ದು ಅವಳು ಅಳಿಸಿದ ಯಂತ್ರದಲ್ಲಿ ಮಾತ್ರ. ರಾತ್ರಿಯ ಬ್ಯಾಕಪ್ ತೆಗೆಯುವ ಏರ್ಪಾಡು ಇದ್ದದ್ದು ರಾಜಾಜಿನಗರದ ಯಂತ್ರದಲ್ಲಿ ಮಾತ್ರ. ಆ ರಾತ್ರಿ ಅದು ಸತ್ತಿತ್ತು. ರಕ್ತ ಪರೀಕ್ಷಿಸುವ ಯಂತ್ರಗಳ ಹೊಟ್ಟೆಯಲ್ಲಿ ಉಳಿದಿದ್ದ ಅಷ್ಟಿಷ್ಟನ್ನು ಹೆಕ್ಕಿ ತೆಗೆದರು. ಉಳಿದವರನ್ನೆಲ್ಲ ಕರೆದು ಮತ್ತೆ ರಕ್ತ ಕೇಳಬೇಕಾಯಿತು.

ಆಮೇಲೆ ನಡೆದದ್ದು ನಮ್ಮ ಎಲ್ಲ ಕಚೇರಿಗಳಲ್ಲೂ ನಡೆಯುವುದೇ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಲ್ಯಾಬಿನ ಮಾಲೀಕರಾದ ಡಾಕ್ಟರು ಏನಾಯಿತು ಎಂದು ಬರೆದು ಕೊಡಿ ಎಂದರು. ಮೂರ್ತಿ ಸಾರ್ ನನ್ನನ್ನು ಕರೆದರು.

"ಮೇಡಂ, ನಿಮ್ಮ ಭಾಷೆ ಚೆನ್ನಾಗಿದೆ. ನೀಟಾಗಿ ಒಂದು ವರದಿ ಬರ್ಕೊಡಿ. ಕೆಂಗೇರಿ ಸಿಬ್ಬಂದಿಯ ನಿರ್ಲಕ್ಷ್ಯದಿಂದ ದತ್ತಾಂಶ ನಷ್ಟ ಸಂಭವಿಸಿದೆ ಅಂತ."

"ಆಮೇಲೆ ಶಿವಲೀಲಾ ಗತಿ ಏನ್ ಸಾರ್?"

"ಡಾಕ್ಟರು ಬಿಡಲ್ಲ. ತೆಗೀತಾರೆ. ಏನ್ ಮಾಡೋಕಾಗತ್ತೆ? ಅವಳೇ ತಾನೇ ಅಳಿಸಿದ್ದು."

ನಾನು ಅಲ್ಲಿಂದ ನೇರ ಕೆಂಗೇರಿಗೆ ಹೋದೆ.

ಶಿವಲೀಲಾ ಇಳಕಲ್ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದು ಸುಂಕದಕಟ್ಟೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಆ ಜೂನಿನಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದಳು. ಲ್ಯಾಬುಗಳ ಲೋಕ ಚಿಕ್ಕದು. ನಿರ್ಲಕ್ಷ್ಯ ಎಂಬ ಪದ ಒಮ್ಮೆ ಹೆಸರಿಗೆ ಅಂಟಿದರೆ ಇನ್ನೊಂದು ಲ್ಯಾಬಿನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಹೋದಾಗ ಅವಳು ಅಳುತ್ತಿರಬಹುದು ಎಂದುಕೊಂಡಿದ್ದೆ. ಇಲ್ಲ, ಕೆಂಡವಾಗಿ ಕೂತಿದ್ದಳು.

"ನೀವೇನ್ರೀ ಇದನ್ನ ಬರದಾವ್ರು?" ಎಂದು ಕೈಪಿಡಿಯನ್ನು ನನ್ನ ಮುಂದೆ ಹಿಡಿದಳು. "ಹೇಳ್ರಿ ಮೇಡಂ, ಇದರಾಗ ಇದ್ದಂಗ ಮಾಡೀನಿಲ್ಲೋ? ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಮಾಡ್ಲಿಲ್ಲಂದ್ರ ಯಾಕ ಮಾಡ್ಲಿಲ್ಲ ಅಂತಿದ್ರಿ. ಮಾಡಿದ್ರ ಯಾಕ ಮಾಡ್ದಿ ಅಂತೀರಿ. ನಾ ಏನ್ ಮಾಡ್ಲೀ?"

ಆ ಪುಟ ನನ್ನದಲ್ಲ, ನನ್ನ ಪುಟವನ್ನು ಹೊಡೆದು ಹಾಕಿದರು ಎಂದು ಅವಳಿಗೆ ಹೇಳಿ ಏನು ಪ್ರಯೋಜನ? ಅವಳಿಗೆ ಬೇಕಾದದ್ದು ನನ್ನ ಪುರಾಣವಲ್ಲ, ಕೆಲಸ.

ಆ ದಿನ ಅವಳ ಮೇಜಿನ ಮೇಲೆ ಫೋನ್ ನಂಬರುಗಳ ರಾಶಿಯಿತ್ತು. ಮತ್ತೆ ರಕ್ತ ಕೊಡಿ ಎಂದು ಎಲ್ಲರನ್ನೂ ಕೇಳುವ ಕೆಲಸವನ್ನು ಅವಳಿಗೇ ಹೊರಿಸಿದ್ದರು. ಹೇಳಬೇಕಾದ ಮಾತನ್ನೂ ಮೂರ್ತಿ ಸಾರ್ ಬರೆದು ಕಳಿಸಿದ್ದರು: 'ತಾಂತ್ರಿಕ ಕಾರಣಗಳಿಂದ ತಮ್ಮ ಮಾದರಿಯನ್ನು ಪುನಃ ಸಂಗ್ರಹಿಸುವುದು ಸೂಕ್ತವೆನಿಸಿದೆ.' ಶಿವಲೀಲಾ ಒಂದು ಫೋನು, ನಾನು ಒಂದು ಫೋನು ಹಿಡಿದು ಕೂತೆವು. ಮೊದಲನೆಯವರೇ ಗಾಬರಿಯಾಗಿ, "ಏನಮ್ಮ, ನಂಗೇನಾದ್ರೂ ದೊಡ್ಡ ಕಾಯಿಲೆ ಬಂದಿದ್ಯಾ? ನಿಜ ಹೇಳಿ" ಎಂದು ಅಳತೊಡಗಿದರು. ಎರಡನೆಯವರು ದುಡ್ಡು ಹೊಡೆಯುವ ಉಪಾಯ ಎಂದು ಬೈದು ಇಟ್ಟರು. ನನಗೆ ರೇಗಿ ಹೋಯಿತು. ಆ ಚೀಟಿಯನ್ನು ಮಗುಚಿ ಹಾಕಿ ಮುಂದಿನವರಿಗೆ ಹೇಳಿದೆ: "ನಿಮ್ಮ ರಿಪೋರ್ಟನ್ನ ನಾವು ಕಳೆದುಬಿಟ್ಟಿದೀವಿ. ತಪ್ಪು ನಮ್ಮದೇ. ನಿಮಗೇನೂ ಕಾಯಿಲೆ ಅಂತಲ್ಲ. ದಯವಿಟ್ಟು ಇನ್ನೊಂದ್ಸಲ ಬಂದು ರಕ್ತ ಕೊಡಿ, ದುಡ್ಡು ಕೊಡಬೇಕಾಗಿಲ್ಲ."

ಅನ್ನಪೂರ್ಣೇಶ್ವರಿ ನಗರದ ವಯಸ್ಸಾದ ಒಬ್ಬರು ಅವರು. "ಹಂಗೆ ಬಿಡ್ಸಿ ಹೇಳಿ ಮತ್ತೆ. ಬರ್ತೀನಿ, ಆದ್ರೆ ಎಡಗೈಗೆ ಚುಚ್ಚಿ, ಬಲಗೈ ಇನ್ನೂ ನೋಯ್ತಾ ಇದೆ" ಎಂದರು. ಶಿವಲೀಲಾ ನನ್ನ ಮುಖ ನೋಡಿದಳು. ಮುಂದಿನ ಕರೆಯಿಂದ ಅವಳೂ ಹಾಗೆಯೇ ಹೇಳಿದಳು. ಬೈದವರು ಬೈದರು, ಆದರೆ ಬಂದರು. ಸಂಜೆ ಹೊರಡುವಾಗ ಅವಳ ಸಿಟ್ಟು ನನ್ನ ಮೇಲಿಂದ ಇಳಿದಿತ್ತು. ನನ್ನದು ಮೂರ್ತಿ ಸಾರ್ ಮೇಲೆ ಇನ್ನೂ ಏರಿತ್ತು.

ಮರುದಿನ ವರದಿ ಬರೆದು ಅವರ ಮೇಜಿನ ಮೇಲಿಟ್ಟೆ. ಉದ್ದವೇನಿಲ್ಲ. 'ಅಳಿಸುವ ಹಿಂದಿನ ದಿನವೇ ಮೂಲ ಮತ್ತು ನಕಲು ಅದಲು ಬದಲಾಗಿದ್ದವು. ಅದನ್ನು ಕೆಂಗೇರಿಗೆ ಯಾರೂ ತಿಳಿಸಿರಲಿಲ್ಲ. ಶಿವಲೀಲಾ ಕೈಪಿಡಿಯನ್ನು ಇದ್ದಂತೆಯೇ ಪಾಲಿಸಿದರು. ಕೈಪಿಡಿ ತಪ್ಪಾಗಿತ್ತು.'

ಮೂರ್ತಿ ಸಾರ್ ಓದಿ ಕನ್ನಡಕ ತೆಗೆದರು. "ಇಷ್ಟು ನೇರವಾಗಿ ಬರೆದ್ರೆ ಹೆಂಗೆ ಮೇಡಂ? ಕೈಪಿಡಿ ಅಂದ್ರೆ ನಮ್ಮ ವಿಭಾಗ ಬಂತು. ನಾನು ಬಂದೆ."

"ಹೌದು ಸಾರ್. ನೀವೂ ಬಂದ್ರಿ, ನಾನೂ ಬಂದೆ."

"ಅವಳಿಗೆ ಸ್ವಲ್ಪ ತಲೆ ಓಡಿಸ್ಬೇಕಿತ್ತು ತಾನೇ? ಅಕ್ಕ ಮಲಗಿದ್ಳು, ತಂಗಿ ಕೆಲ್ಸ ಮಾಡ್ತಿದ್ಳು. ಅಷ್ಟೂ ಗೊತ್ತಾಗಲ್ವಾ?"

ನನಗೆ ಆ ಗಳಿಗೆಯಲ್ಲಿ ಹೊಳೆದದ್ದನ್ನು ಮಾಡಿದೆ. ಕಿರಣನನ್ನು ಕರೆದೆ. ಅವನು ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ಎರಡು ಸುಳ್ಳು ಸರ್ವರುಗಳಿದ್ದವು, ಅವಕ್ಕೂ ಅವೇ ಹೆಸರು, ಒಳಗೆ ನಿಜವಾದ ರಿಪೋರ್ಟು ಯಾವುದೂ ಇಲ್ಲ. ಅವನ್ನು ಆ ಬೆಳಗಿನಂತೆಯೇ ಅದಲು ಬದಲು ಮಾಡಿಡು ಎಂದೆ. ಅವನು ಮಾಡಿದ. ಮೂರ್ತಿ ಸಾರ್ ಮುಂದೆ ಕೈಪಿಡಿ ಇಟ್ಟು, "ನೀವೇ ಸರಿ ಮಾಡಿ ಸಾರ್. ಇದರಲ್ಲಿ ಇದ್ದ ಹಾಗೆ" ಎಂದೆ.

ಅವರು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಓದಿದರು. ಸರಸರನೆ ಒತ್ತಿದರು. ಖಚಿತವಾಗಿ ಸರಿಯಾಗುತ್ತದೆ ಎಂಬ ಮುಖ. 'ಅಳಿಸಲೇ?' ಎಂದು ಯಂತ್ರ ಕೇಳಿತು. ಅವರ ಬೆರಳು ಇಳಿಯುತ್ತಿದ್ದಂತೆ ಕಿರಣ ತಡೆಯಲಾರದೆ, "ಸಾರ್, ಸಾರ್, ಅದಲ್ಲ!" ಎಂದು ಕೂಗಿಬಿಟ್ಟ.

ಅಷ್ಟರಲ್ಲಿ ಅಳಿಸಿಯಾಗಿತ್ತು.

ವಿಷಯ ಗೊತ್ತಿದ್ದೂ, ನಾನು ಕಾಯುತ್ತಿದ್ದೇನೆಂದು ಗೊತ್ತಿದ್ದೂ ಅವರು ತಂಗಿಯನ್ನೇ ಅಳಿಸಿದ್ದರು. ಹೆಸರು ಅಷ್ಟು ಗಟ್ಟಿಯಾಗಿ ಕೈಗೆ ಕೂತಿತ್ತು. ಈಗ ಕೈಮುಗಿದು ತಪ್ಪಾಯಿತು ಎಂದರು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗೇನೂ ಆಗಲಿಲ್ಲ. ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ವರದಿಯನ್ನು ನನ್ನ ಕಡೆ ತಳ್ಳಿ, ನನಗೇನೋ ಉಪಕಾರ ಮಾಡುವವರಂತೆ, "ಆಯ್ತು, ಹಂಗೇ ಕಳ್ಸಿ" ಎಂದರು.

ಹಾಗೆಯೇ ಹೋಯಿತು. ಡಾಕ್ಟರು ಮೂರ್ತಿ ಸಾರ್ ಅವರನ್ನು ಕರೆದು ಏನು ಹೇಳಿದರೋ ತಿಳಿಯದು. ಎರಡು ದಿನ ಅವರು ನನ್ನ ಮುಖ ನೋಡಲಿಲ್ಲ. ಶಿವಲೀಲಾಳ ಕೆಲಸ ಉಳಿಯಿತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಕೈಪಿಡಿಯನ್ನು ಮತ್ತೆ ಬರೆಯಲು ಹೇಳಿದರು. ಈ ಸಲ ಹೆಸರುಗಳನ್ನು ತೆಗೆದೆ. ರಾಜಾಜಿನಗರದ ಸರ್ವರ್, ಕೆಂಗೇರಿಯ ಸರ್ವರ್. ಈಗಿನ ಮೂಲ, ಈಗಿನ ನಕಲು. ಮೊದಲನೇ ಸಾಲು ಹೀಗಿತ್ತು: 'ಏನನ್ನೂ ಅಳಿಸುವ ಮೊದಲು, ಈಗ ರಿಪೋರ್ಟುಗಳು ಯಾವ ಸರ್ವರಿಗೆ ಹೋಗುತ್ತಿವೆ ಎಂದು ನೋಡಿ. ಗೊತ್ತಾಗದಿದ್ದರೆ ಅಳಿಸಬೇಡಿ, ಕೇಳಿ.' ಬೇಡಿ ಎಂಬುದನ್ನು ಮೂರ್ತಿ ಸಾರ್ ಈ ಸಲ ಮುಟ್ಟಲಿಲ್ಲ. ಆದರೆ ಯಂತ್ರಗಳ ಮೇಲಿನ ಚೀಟಿ ಮಾತ್ರ ಕೀಳಗೊಡಲಿಲ್ಲ. ಅಮ್ಮ ಇಟ್ಟ ಹೆಸರು. ಆ ವರ್ಷದ ಆಯುಧಪೂಜೆಗೂ ಅಕ್ಕನಿಗೇ ದೊಡ್ಡ ಹಾರ ಬಿತ್ತು. ಅಂದು ಮೂಲವಾಗಿ ದುಡಿಯುತ್ತಿದ್ದದ್ದು ಕೆಂಗೇರಿಯದು.

ಮರುವರ್ಷ ನಾನು ಆ ಕೆಲಸ ಬಿಟ್ಟೆ. ಈಗ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತೇನೆ. ಪುಸ್ತಕದಲ್ಲಿ ತಪ್ಪಾದರೆ ಯಾರೂ ಎರಡನೇ ಸಲ ರಕ್ತ ಕೊಡಬೇಕಾಗಿಲ್ಲ.

ಮೊನ್ನೆ ಟೋಕನ್ ಹಿಡಿದು ಕೂತಿದ್ದಾಗ ಕರೆಂಟ್ ಹೋಗಿ ಬಂತು. ಒಳಗಿನ ಕೋಣೆಯಿಂದ ಶಿವಲೀಲಾ ಇಣುಕಿದಳು. ಅವಳ ಮಗಳು ಈಗ ಮಿಡ್ಲ್ ಸ್ಕೂಲು. "ಬರ್ರಿ ಮೇಡಂ, ಒಳಗ ಕುಂದರ್ರಿ. ಹೊಟ್ಟಿ ಹಸದಿರ್ತದ ನಿಮಗ" ಎಂದು ಕರೆದು ತನ್ನ ಪಕ್ಕ ಕೂರಿಸಿಕೊಂಡಳು. ನಾನು ಕೆಂಗೇರಿಗೇ ಬರುವುದು ಇದಕ್ಕೆ. ಅವಳ ಪರದೆಯ ಮೇಲೆ ಅದೇ ಹಳೆಯ ಸೂಚನೆ: ಎರಡೂ ಹೊಂದಿಕೆಯಾಗುತ್ತಿಲ್ಲ.

ಫೋನ್ ಬಂತು. ಅವಳು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಮೂರ್ತಿ ಸಾರ್ ಧ್ವನಿ, ಅದೇ ಅವಸರ. "ಶಿವಲೀಲಾ, ನೋಡ್ದೆ ಕಣಮ್ಮ. ಏನಿಲ್ಲ, ತಂಗೀನ ಒಂದ್ಸಲ ಅಳ್ಸಿ ಅಕ್ಕನಿಂದ ಕಾಪಿ ಮಾಡ್ಕೋ, ಸರಿ ಹೋಗತ್ತೆ."

ತಂಗಿ! ಇಷ್ಟೆಲ್ಲ ಆದ ಮೇಲೂ! ನಾನು ಕುರ್ಚಿಯಿಂದ ಅರ್ಧ ಎದ್ದೆ. ಶಿವಲೀಲಾ ಕೈಸನ್ನೆ ಮಾಡಿ ನನ್ನನ್ನು ಕೂರಿಸಿದಳು.

"ಹೆಸರು ಬ್ಯಾಡ್ರಿ ಸಾರ್," ಎಂದಳು, ದನಿ ಏರಿಸದೆ. "ಈಗ ರಿಪೋರ್ಟ್ ಯಾವುದಕ್ಕ ಹೊಂಟಾವು, ರಾಜಾಜಿನಗರಕ್ಕೋ ಕೆಂಗೇರಿಗೋ? ನನ್ನ ಪರದಿ ಮ್ಯಾಲೆ ತೋರಸವಲ್ದು. ಅದನ್ನ ಹೇಳ್ರಿ. ಆಮ್ಯಾಲೆ ಅಳಸ್ತೀನಿ."

ಶಿವಲೀಲಾ ಕೀಬೋರ್ಡನ್ನು ದೂರ ಸರಿಸಿ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಹೊರಗೆ ಯಾರದೋ ಟೋಕನ್ ಕೂಗಿದರು. ನನ್ನದೇ ಇರಬೇಕು. ನಾನು ಏಳಲಿಲ್ಲ.

"ಒಂದ್ ನಿಮಿಷ ಇರಮ್ಮ," ಎಂದರು ಮೂರ್ತಿ ಸಾರ್. "ಅಳಿಸ್ಬೇಡ. ನೋಡಿ ಹೇಳ್ತೀನಿ."

ಅವರ ಬಾಯಿಂದ ಈ ಒಂದು ಮಾತನ್ನು ಹೊರಡಿಸಲು ನಾನು ಒಂದು ಇಡೀ ಮಳೆಗಾಲ ಗಂಟಲು ಹರಿದುಕೊಂಡಿದ್ದೆ.